ಶಾಲೆಗೆ ಕಂಪ್ಯೂಟರ್ ಬಂದಾಗ

ಕಂಪ್ಯೂಟರ್ ಸಾಕ್ಷರತೆ ಎಂದರೇನು? ಪತ್ರ ಟೈಪ್ ಮಾಡುವುದೆ, ಅಂತರಜಾಲದಲ್ಲಿ ಮಾಹಿತಿ ಹುಡುಕುವುದೆ ಅಥವಾ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವುದೆ? ಬ್ರಿಟನ್ನಿನ ಶಾಲೆಗಳು ಈ ಪ್ರಶ್ನೆಗೆ ತಮ್ಮ ಉತ್ತರವನ್ನು ಎರಡು ಬಾರಿ ಬದಲಿಸಿವೆ.

1978ರಲ್ಲಿ ಬಿಬಿಸಿ ಮೈಕ್ರೊಚಿಪ್ ಕುರಿತ ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಿತು. ಚಿಪ್‌ಗಳು ಉದ್ಯೋಗಗಳನ್ನು ಕಸಿದುಕೊಂಡಾವು ಎಂಬ ಆತಂಕ ಅಲ್ಲಿ ಹರಡಿತು. ಮುಂದೆ ರೂಪುಗೊಂಡದ್ದೇ ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಯೋಜನೆ. ಟಿವಿ ಪಾಠಗಳಿಗೆ ಹೊಂದುವ ಯಂತ್ರವನ್ನು ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ ತಯಾರಿಸಿತು. 1981ರ ಡಿಸೆಂಬರಿನಲ್ಲಿ ಹೊರಬಂದ ಈ 'ಬಿಬಿಸಿ ಮೈಕ್ರೊ'ದ ಬಿ ಮಾದರಿಯಲ್ಲಿ ಇದ್ದದ್ದು ಕೇವಲ 32 ಕಿಲೋಬೈಟ್ ಸ್ಮೃತಿ. ಇಂದು ನೀವು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯದು!

ಅದನ್ನು ಚಾಲೂ ಮಾಡಿದರೆ ತೆರೆಯ ಮೇಲೆ ಬೇಸಿಕ್ ಭಾಷೆಯ ಆದೇಶಕ್ಕಾಗಿ ಕಾಯುವ ಚಿಹ್ನೆಯೊಂದು ಕಾಣುತ್ತಿತ್ತು, ಅಷ್ಟೆ. ಭೌತವಿಜ್ಞಾನದವನಾದ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಅದರ ಹಿಂಬದಿಯಲ್ಲಿದ್ದ ಅನಲಾಗ್ ಕಿಂಡಿ. ಥರ್ಮಿಸ್ಟರ್ ಒಂದನ್ನು ರೋಧಕದೊಡನೆ ಸರಣಿಯಲ್ಲಿ ಜೋಡಿಸಿ, ಅವೆರಡೂ ಕೂಡುವ ಬಿಂದುವಿನ ವೋಲ್ಟೇಜನ್ನು ಈ ಕಿಂಡಿಗೆ ಕೊಟ್ಟರೆ, ಕೆಲವೇ ಸಾಲುಗಳ ಪ್ರೋಗ್ರಾಂ ಬಿಸಿನೀರು ತಣಿಯುವುದನ್ನು ಗ್ರಾಫ್ ಆಗಿ ಬಿಡಿಸಬಲ್ಲದು. ಆದರೆ ಗಮನಿಸಿ, ಆ ಗ್ರಾಫ್ ಇನ್ನೂ ತಾಪದ ಗ್ರಾಫ್ ಅಲ್ಲ. ಥರ್ಮಿಸ್ಟರಿನ ರೋಧ ತಾಪದೊಂದಿಗೆ ಸರಳರೇಖೆಯಲ್ಲಿ ಬದಲಾಗುವುದಿಲ್ಲ. ಆದ್ದರಿಂದ ಥರ್ಮಾಮೀಟರಿನೊಡನೆ ಹೋಲಿಸಿ ಅಳತೆಯನ್ನು ಸರಿಪಡಿಸಿಕೊಳ್ಳಬೇಕು. ತೆರೆಯ ಮೇಲಿನ ಸಂಖ್ಯೆ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು ಎಂದು ಕೇಳುವ ಅಭ್ಯಾಸ ಹೀಗೆ ಬೆಳೆಯುತ್ತದೆ.

ಇದೇ ಯಂತ್ರ ಭಾರತಕ್ಕೂ ಬಂತು. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಲ್ಲಿ ದೇಶದ 250 ಶಾಲೆಗಳು ಬಿಬಿಸಿ ಮೈಕ್ರೊಗಳನ್ನು ಪಡೆದವು. ಕೀಲಿಮಣೆಯ ಅಕ್ಷರಗಳೂ ಬೇಸಿಕ್‌ನ ಆದೇಶಗಳೂ ಇಂಗ್ಲಿಷಿನವು. ತರ್ಕ ಕಲಿಯುವ ಮೊದಲೇ ಭಾಷೆಯ ಅಡ್ಡಗೋಡೆ!

1990ರ ದಶಕದಲ್ಲಿ ಪರ್ಸನಲ್ ಕಂಪ್ಯೂಟರ್‌ಗಳೂ ಸಿದ್ಧ ತಂತ್ರಾಂಶಗಳೂ ಬಂದವು. ಪಾಠ ಪದಸಂಸ್ಕರಣೆಗೆ, ಸ್ಲೈಡ್ ತಯಾರಿಕೆಗೆ ಇಳಿಯಿತು. ಅದೂ ಉಪಯುಕ್ತವೇ, ಆದರೆ ಯಂತ್ರ ಮುಚ್ಚಿದ ಪೆಟ್ಟಿಗೆಯಾಯಿತು. 2012ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ವರದಿಯಲ್ಲಿ ಈ ಬೋಧನೆಯನ್ನು ಟೀಕಿಸಿತು. 2014ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಐದು ವರ್ಷದ ಮಕ್ಕಳಿಂದಲೇ ಆಲ್ಗಾರಿದಮ್ ಕಲಿಕೆ ಸೇರಿತು.

2016ರಲ್ಲಿ ಬಿಬಿಸಿ ಮತ್ತೆ ಶಾಲೆಗಳಿಗೆ ಅಂಗೈಗಿಂತ ಚಿಕ್ಕದಾದ 'ಮೈಕ್ರೊ:ಬಿಟ್' ಹಂಚಿತು. ಅದಕ್ಕೂ ತಾಪ ಅಳೆಯಲು ಬರುತ್ತದೆ. ಆದರೆ ಸಂವೇದಕ ಇರುವುದು ಪ್ರೊಸೆಸರ್ ಚಿಪ್‌ನ ಒಳಗೇ. ನಿಮ್ಮ ಶಾಲೆಯಲ್ಲಿ ಒಂದು ಇದ್ದರೆ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಎರಡರ ವ್ಯತ್ಯಾಸವನ್ನು ಗುರುತು ಮಾಡಿಕೊಳ್ಳಿ.