ಮಾಯ, ಮಾಯೆ, ಸತ್ಯ

ಬೆಳ್ತಂಗಡಿ ಕಡೆಯ ಯಾವ ಬೊಜ್ಜದ (ಉತ್ತರಕ್ರಿಯೆಯ) ಚಪ್ಪರದಲ್ಲಿ ಕುಳಿತರೂ ಯಾರಾದರೊಬ್ಬರು ‘ಎಲ್ಲ ಮಾಯೆ ಮಾರಾಯ್ರೆ’ ಎಂದು ನಿಟ್ಟುಸಿರು ಬಿಡುತ್ತಾರೆ. ಅದೇ ಚಪ್ಪರದ ಹಿಂದೆ ಅಡುಗೆಯವರು ‘ಈಗ ಇಲ್ಲಿಟ್ಟ ಸೌಟು ಮಾಯ’ ಎಂದು ಹುಡುಕುತ್ತಿರುತ್ತಾರೆ. ಮೊದಲನೆಯವರ ಮಾಯೆ ಕಣ್ಣಿಗೆ ಕಾಣುತ್ತದೆ, ಆದರೆ ನಿಲ್ಲುವುದಿಲ್ಲ. ಅಡುಗೆಯವರ ಮಾಯ ಕಾಣುವುದಿಲ್ಲ, ಆದರೆ ಎಲ್ಲೋ ಇದ್ದೇ ಇದೆ.

ದೈವಗಳ ಕಥೆ ಹೇಳುವ ತುಳುವಿನ ಹಾಡುಗಳು, ಪಾಡ್ದನಗಳು, ಅಡುಗೆಯವರ ಪಕ್ಷ. ಅಲ್ಲಿ ದೊಡ್ಡವರು ಸಾಯುವುದಿಲ್ಲ, ಮಾಯವಾಗುತ್ತಾರೆ. ಮಾಯಕ್ಕೆ ಸಂದವರು ದೈವವಾಗಿ ಕೋಲದ (ದೈವಾರಾಧನೆಯ) ರಾತ್ರಿ ಜೋಗಕ್ಕೆ ಬರುತ್ತಾರೆ. ಜೋಗ ಎಂದರೆ ಲೋಕದ ಕಾಣುವ ಬದಿ, ಮಾಯ ಎಂದರೆ ಕಾಣದ ಬದಿ. ಎರಡೂ ಇವೆ ಎಂಬುದರಲ್ಲಿ ಪಾಡ್ದನಕ್ಕೆ ಅನುಮಾನವಿಲ್ಲ.

ಕಲ್ಕುಡನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಬೇರೆಲ್ಲೂ ಅಂಥದ್ದನ್ನು ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಕೈಯಲ್ಲೇ ಅವನು ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ನಿಲ್ಲಿಸಿದ. ಅವನನ್ನು ಹುಡುಕಿ ಬಂದ ತಂಗಿ ಅಣ್ಣನ ಗತಿ ನೋಡಿ ಕೆರಳಿದಳು. ಇಬ್ಬರೂ ಮಾಯವಾಗಿ, ಕಲ್ಕುಡ-ಕಲ್ಲುರ್ಟಿಯರಾಗಿ ಕಾರ್ಕಳದ ಅರಮನೆಯನ್ನು ಕಾಡಿದರು. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ಫಲ್ಗುಣಿಯ ದಡದ ವೇಣೂರಿನದು 1604ರಲ್ಲಿ, ತಿಮ್ಮಣ್ಣ ಅಜಿಲರ ಕಾಲದಲ್ಲಿ. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ ಎಂದು ಇತಿಹಾಸ ಹೇಳಬೇಕಾದ್ದೇ. ಆದರೆ ಪಾಡ್ದನ ಹಿಡಿದಿಟ್ಟದ್ದು ಇಸವಿಯನ್ನಲ್ಲ, ಕಡಿದ ಕೈಯನ್ನು.

ಬಂಟ್ವಾಳ ತಾಲೂಕಿನ ಪಣೋಲಿಬೈಲಿಗೆ ಹೋದರೆ ಆ ತಂಗಿ ಕಲ್ಲುರ್ಟಿಯನ್ನು ಜನ ಕರೆಯುವುದು ‘ಸತ್ಯದೇವತೆ’ ಎಂದು. ಅವಳಿಗೆ ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ ಬಡಿಸಿ ಅಗೆಲು ಸೇವೆ ಕೊಡುತ್ತಾರೆ. ವೇದಾಂತದ ಪುಸ್ತಕದಲ್ಲಿ ಮಾಯೆಗೂ ಸತ್ಯಕ್ಕೂ ಎಣ್ಣೆ-ಸೀಗೆ ಸಂಬಂಧ. ಇಲ್ಲಿ ಮಾಯದಲ್ಲಿ ಇರುವವಳೇ ಸತ್ಯ. ಈ ಬಳಕೆಯನ್ನು ಅಪಭ್ರಂಶವೆಂದು ತಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಋಗ್ವೇದದಲ್ಲಿ ಇಂದ್ರ, ವರುಣರ ಮಾಯೆ ಎಂದರೆ ಅವರ ಅದ್ಭುತ ಶಕ್ತಿ. ಇಂದ್ರ ಹಲವು ರೂಪ ತಳೆಯುವುದು ಅದರಿಂದಲೇ. ಆ ಹಳೆಯ ಕಸುವು ಪಣೋಲಿಬೈಲಿನ ಮಾಯದಲ್ಲಿ ಇನ್ನೂ ಇದೆ.

ಮೂಡುಬಿದಿರೆಗೆ ಬಂದರೆ ಪದ ಮತ್ತೆ ಮಗ್ಗುಲು ಬದಲಿಸುತ್ತದೆ. 1430ರ ಸಾವಿರ ಕಂಬದ ಬಸದಿಯಲ್ಲಿ ಕೈಮುಗಿಯುವ ಜೈನರಿಗೆ ಮಾಯೆ ನಾಲ್ಕು ಕಷಾಯಗಳಲ್ಲಿ ಒಂದು: ಕ್ರೋಧ, ಮಾನ, ಮಾಯೆ, ಲೋಭ. ಅಂದರೆ ಕಪಟ, ಮನಸ್ಸಿನ ಡೊಂಕು. ಲೋಕ ಅವರಿಗೆ ಯಾರೂ ಸೃಷ್ಟಿಸದ, ಆದಿ ಅಂತ್ಯವಿಲ್ಲದ ನಿಜ. ಉಡುಪಿಯ ಮಧ್ವಾಚಾರ್ಯರಿಗೂ ಲೋಕ ನಿಜವೇ. ಅದಕ್ಕಾಗಿಯೇ ಅವರು ‘ಮಾಯಾವಾದ ಖಂಡನ’ ಬರೆದರು.

ಹಾಗಾದರೆ ಮಧ್ವರು ಖಂಡಿಸಿದ ಅದ್ವೈತದ ಶಂಕರರು ಜಗತ್ತನ್ನು ಸುಳ್ಳು ಎಂದರೇ? ಹಾಗೆಂದೇ ಹೆಚ್ಚಿನವರ ನಂಬಿಕೆ. ಅವರ ಶಬ್ದ ಮಿಥ್ಯೆ. ಅದನ್ನು ಸುಳ್ಳು ಎಂದು ಇಳಿಸಿಕೊಂಡರೆ ಅರ್ಧ ಅರ್ಥ ಸೋರಿಹೋಗುತ್ತದೆ. ಮೊಲದ ಕೊಂಬು ಯಾರಿಗೂ ಎಂದೂ ಕಾಣುವುದಿಲ್ಲ. ಅದು ಬರಿಯ ಇಲ್ಲ. ಜಗತ್ತು ಕಾಣುತ್ತದೆ, ಕೈಗೆ ಸಿಗುತ್ತದೆ, ಆದ್ದರಿಂದ ಅದು ಬರಿಯ ಇಲ್ಲವಲ್ಲ. ಬ್ರಹ್ಮಜ್ಞಾನವಾದಾಗ ಬಾಧಿತವಾಗುತ್ತದೆ, ಆದ್ದರಿಂದ ಪರಮಾರ್ಥವಾಗಿ ಇದೆ ಎನ್ನುವಂತೆಯೂ ಇಲ್ಲ. ಹೊರಗೆ ವಸ್ತುವೇ ಇಲ್ಲ, ಇರುವುದು ಮನಸ್ಸಿನ ಅರಿವು ಮಾತ್ರ ಎಂದ ಬೌದ್ಧರನ್ನು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಶಂಕರರೇ ಎದುರಿಸುತ್ತಾರೆ. ಎಚ್ಚರದಲ್ಲಿ ಕಂಡದ್ದು ಕನಸಿನಂತಲ್ಲ ಎಂದು ಅಲ್ಲಿ ಅವರು ವಾದಿಸುವುದನ್ನು ಓದಿದರೆ ‘ಎಲ್ಲ ಮಾಯೆ’ ಎಂಬ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಸಂಸ್ಕೃತ ಬಾರದವರಿಗೆ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ (1880-1975) ಕನ್ನಡ ಅನುವಾದ ಇದೆ. ಶಂಕರರು ನಿಜವಾಗಿ ಹೇಳಿದ್ದೇನು ಎಂಬುದನ್ನು ವ್ಯಾಖ್ಯಾನಗಳ ಪದರದಿಂದ ಬಿಡಿಸಲು ಅವರು ಇಡೀ ಬಾಳನ್ನೇ ಕೊಟ್ಟರು.

ಯಕ್ಷಗಾನ ನೋಡಿ ಬೆಳೆದ ನಮಗೆ ಮಿಥ್ಯೆಯ ಈ ವಿಚಾರ ತೀರ ಹೊಸತೂ ಅಲ್ಲ. ಮಾಯಾ ಶೂರ್ಪನಖಿ ರಂಗದಲ್ಲಿ ಕುಣಿಯುತ್ತಿದ್ದರೆ ಘೋರ ಶೂರ್ಪನಖಿ ಇದ್ದಾಳೆಂದೇ ಅರ್ಥ. ಆಸರೆಯಿಲ್ಲದೆ ತೋರಿಕೆ ಇಲ್ಲ. ಅದ್ವೈತ ಆ ಆಸರೆಯನ್ನು ಬ್ರಹ್ಮ ಎನ್ನುತ್ತದೆ.

ನನ್ನನ್ನು ಕಾಡುವುದು ‘ಎಲ್ಲ ಮಾಯೆ’ ಎಂಬ ಮಾತನ್ನು ಎಲ್ಲಿ ಆಡುತ್ತಾರೆ ಎಂಬುದು. ಜಾಗದ ತಕರಾರಿನಲ್ಲಿ ಸೋತವನಿಗೆ, ದುಡಿದ ಸಂಬಳ ಸಿಗದವಳಿಗೆ ‘ಎಲ್ಲ ಮಾಯೆ, ಬಿಟ್ಟುಬಿಡು’ ಎಂದು ಹೇಳುವುದನ್ನು ಕೇಳಿದ್ದೇನೆ. ಜ್ಞಾನ ಹುಟ್ಟುವವರೆಗೆ ಲೋಕವ್ಯವಹಾರವೆಲ್ಲ ಸತ್ಯವೇ ಎಂದವರು ಶಂಕರರು. ಅವರ ಲೆಕ್ಕದಲ್ಲೂ ಕಲ್ಕುಡನ ಕೈ ಕಡಿದದ್ದು ಅನ್ಯಾಯವೇ. ಕಲ್ಲುರ್ಟಿಯಂತೂ ಮಾಯಕ್ಕೆ ಸಂದದ್ದೇ ಆ ಅನ್ಯಾಯವನ್ನು ಕೇಳುವುದಕ್ಕೆ, ಬಿಟ್ಟುಬಿಡುವುದಕ್ಕಲ್ಲ.