ಸಾಲೋಟಗಿಯ ಕಲ್ಲು, ಸಿ ಭಾಷೆಯ ಪಾಯಿಂಟರ್

ಸಿ ಭಾಷೆ ಕಲಿಯೋರು ಹೆಚ್ಚಾಗಿ ಎಡವೋದು ಪಾಯಿಂಟರ್ ಹತ್ರ. ಇವತ್ತು ಅದನ್ನ ಇಂಡಿ ತಾಲ್ಲೂಕಿನ ಸಾಲೋಟಗಿ ಶಾಸನದಿಂದ ಹೇಳ್ತೀನಿ.

ಕ್ರಿ.ಶ. 945. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಇಲ್ಲೊಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡಿನಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ. ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಗುರುವಿಗೆ 50.

ಗಮನಿಸಿ, ಕಲ್ಲಿನೊಳಗೆ ಎಣ್ಣೆ ಇಲ್ಲ, ಹೊಲಾನೂ ಇಲ್ಲ. ಯಾವ ಭೂಮಿ, ಯಾವುದಕ್ಕೆ ಅನ್ನೋದಷ್ಟೇ ಇದೆ. ಪಾಯಿಂಟರೂ ಹೀಗೇ. 'ಇಂಟ್ ಸ್ಟಾರ್ ಪಿ' ಅಂತ ಘೋಷಿಸಿದ್ರೆ, ಪಿ ಒಳಗೆ ಇರೋದು ಸಂಖ್ಯೆ ಅಲ್ಲ, ಸಂಖ್ಯೆ ಇರೋ ಜಾಗದ ವಿಳಾಸ. ಆ ವಿಳಾಸ ಕೊಡೋದು ಆಂಪರ್ಸಂಡ್. ಆಮೇಲೆ 'ಸ್ಟಾರ್ ಪಿ' ಅಂದ್ರೆ ಅಲ್ಲಿಗೇ ಹೋಗಿ ಅಲ್ಲಿರೋದನ್ನ ತಗೊಂಡು ಬಾ ಅಂತ. ವಿಳಾಸವನ್ನೇ ಕೊಡದೆ ಹೋಗು ಅಂದ್ರೆ ಪ್ರೋಗ್ರಾಂ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ.

'ಇಂಟ್' ಯಾಕೆ ಬೇಕು? ಸಿಗಿಂತ ಮುಂಚಿನ ಬಿ ಭಾಷೇಲಿ ಟೈಪ್ ಅನ್ನೋದೇ ಇರಲಿಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಅದನ್ನ ಸೇರಿಸಿದ್ರು. ದೀಪಕ್ಕೆ ಇಷ್ಟು, ಗುರುವಿಗೆ ಇಷ್ಟು ಅಂತ ಶಾಸನ ಬಿಡಿಸಿ ಹೇಳಿದ ಹಾಗೆ.

ಆಗ ಊರಿನ ಹೆಸರು ಪಾವಿಟ್ಟಗೆ. ಶಾಲೆ ಸೇರಿ ಸಾಲೋಟಗಿ ಆಯ್ತು ಅಂತಾರೆ ವಿದ್ವಾಂಸರು. ಆ 27 ಮನೆ ಈಗಿಲ್ಲ, ಹೆಸರು ಮಾತ್ರ ಅತ್ತಲೇ ಬೆರಳು ತೋರಿಸ್ತಿದೆ. ಸಿನಲ್ಲಿ ಇದಕ್ಕೆ ಡ್ಯಾಂಗ್ಲಿಂಗ್ ಪಾಯಿಂಟರ್ ಅಂತಾರೆ. ಅಲ್ಲಿ ಅದನ್ನ ನಲ್ ಮಾಡೋದು ಜಾಣತನ. ಊರಿನ ಹೆಸರನ್ನ ಮಾತ್ರ ಹಾಗೆ ಅಳಿಸಬೇಡಿ. ಅದೂ ಹೋದ್ರೆ, ಇಲ್ಲೊಂದು ಶಾಲೆ ಇತ್ತಾ ಅಂತ ಕೇಳೋರೂ ಇರಲ್ಲ.