ವಿಲ್ಸನ್, ಜೇಮ್ಸ್ (1742–1798)

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಸಹಿ ಹಾಕಿದ ಆರು ಮಂದಿಯಲ್ಲಿ ಒಬ್ಬ, ನ್ಯಾಯವಾದಿ, ರಾಜಕಾರಣಿ. ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ರೈತ ಕುಟುಂಬದಲ್ಲಿ ಹುಟ್ಟಿದ ಈತ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಓದಿ, 1765ರಲ್ಲಿ ಅಮೆರಿಕಕ್ಕೆ ವಲಸೆ ಹೋದ. ಫಿಲಡೆಲ್ಫಿಯದ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದ ಮೇಲೆ ಜಾನ್ ಡಿಕಿನ್ಸನ್ ಬಳಿ ಕಾನೂನು ಕಲಿತು, ರೆಡಿಂಗ್ ಮತ್ತು ಕಾರ್ಲೈಲ್ ಪಟ್ಟಣಗಳಲ್ಲಿ ವಕೀಲಿ ನಡೆಸಿದ.

ವಸಾಹತುಗಳಿಗೆ ಕಾನೂನು ಮಾಡುವ ಹಕ್ಕು ಬ್ರಿಟಿಷ್ ಪಾರ್ಲಿಮೆಂಟಿಗೆ ಇಲ್ಲವೆಂದು ವಾದಿಸುವ ಈತನ ಕಿರುಹೊತ್ತಗೆ 1774ರಲ್ಲಿ ಅಚ್ಚಾಯಿತು. ತಾವು ಆರಿಸದ ಸಭೆಗೆ ಜನ ತಲೆಬಾಗಬೇಕಿಲ್ಲ ಎಂಬುದೇ ಅದರ ತಿರುಳು. 1776ರ ಜುಲೈ 2ರಂದು ಪೆನ್ಸಿಲ್ವೇನಿಯದ ಪ್ರತಿನಿಧಿಗಳು ಒಡೆದುಹೋದಾಗ, ಗುರು ಡಿಕಿನ್ಸನ್ ಮತದಾನದಿಂದ ದೂರ ಉಳಿದರೂ ಶಿಷ್ಯ ಸ್ವಾತಂತ್ರ್ಯದ ಪರ ನಿಂತ.

ವಿಲ್ಸನ್ನನ ನಿಜವಾದ ಸಾಧನೆ 1787ರ ಸಂವಿಧಾನ ಸಮಾವೇಶದ್ದು. ಜೂನ್ 1ರಂದು, ಕಾರ್ಯಾಂಗದ ಅಧಿಕಾರ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಎಂದು ಈತ ಸೂಚಿಸಿದಾಗ ಸಭೆ ಬಹಳ ಹೊತ್ತು ಮೌನವಾಯಿತು. ಅರಸೊತ್ತಿಗೆಯನ್ನು ಕಿತ್ತೊಗೆದು ಬಂದಿದ್ದವರಿಗೆ ಆ ಮಾತು ಅಂಜಿಕೆ ಹುಟ್ಟಿಸಿತ್ತು. ಕೊನೆಗೆ ಸದಸ್ಯರು ಮನಬಿಚ್ಚಿ ಮಾತಾಡಬೇಕೆಂದು ಹಿರಿಯ ಪ್ರತಿನಿಧಿ ಬೆಂಜಮಿನ್ ಫ್ರಾಂಕ್ಲಿನ್ ಕೇಳಿಕೊಳ್ಳಬೇಕಾಯಿತು. ಆ ಒಬ್ಬನನ್ನು ಜನರೇ ಆರಿಸಬೇಕೆಂಬುದು ವಿಲ್ಸನ್ನನ ಆಸೆ. ಅದಕ್ಕೆ ಬೆಂಬಲ ಸಿಗದಿದ್ದಾಗ ಮತದಾರ ಪ್ರತಿನಿಧಿಗಳ ಮೂಲಕ ಆಯ್ಕೆ ನಡೆಯಲೆಂದ. ಇಂದಿನ ಅಧ್ಯಕ್ಷೀಯ ಚುನಾವಣೆಯ ಮೂಲ ಇಲ್ಲಿದೆ. ಸೆನೆಟ್ ಸದಸ್ಯರನ್ನೂ ಜನರೇ ಆರಿಸಲಿ ಎಂಬ ಈತನ ಬೇಡಿಕೆ ಕೈಗೂಡಿದ್ದು 1913ರಲ್ಲಿ. ಜನರ ಮೇಲೆ ಇಷ್ಟು ನಂಬಿಕೆಯಿಟ್ಟವರು ಆ ಸಭೆಯಲ್ಲಿ ವಿರಳ. ಆದರೆ ರಾಜ್ಯಗಳ ಪ್ರಾತಿನಿಧ್ಯ ನಿರ್ಧರಿಸುವಾಗ ಗುಲಾಮರನ್ನು ಐದಕ್ಕೆ ಮೂರರಂತೆ ಲೆಕ್ಕ ಹಿಡಿಯುವ ಸೂತ್ರವನ್ನು ಸಮಾವೇಶದ ಮುಂದಿಟ್ಟವನೂ ಇವನೇ. ದಕ್ಷಿಣದ ರಾಜ್ಯಗಳನ್ನು ಒಪ್ಪಿಸಲು ಮಾಡಿದ್ದೆಂದರೂ ಆ ಕಳಂಕ ಅಳಿಯುವಂಥದ್ದಲ್ಲ.

1789ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಈತನನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ನೇಮಿಸಿದ. 1793ರ ಚಿಸಮ್ ಮೊಕದ್ದಮೆಯಲ್ಲಿ, ರಾಜ್ಯವೊಂದು ತನ್ನ ಸಾರ್ವಭೌಮತ್ವದ ಹೆಸರು ಹೇಳಿ ನ್ಯಾಯಾಲಯದಿಂದ ತಪ್ಪಿಸಿಕೊಳ್ಳಲಾಗದು, ಸಾರ್ವಭೌಮರು ಜನರೇ ಎಂದು ಬರೆದ. ಎರಡೇ ವರ್ಷಗಳಲ್ಲಿ ಹನ್ನೊಂದನೆಯ ತಿದ್ದುಪಡಿ ಆ ತೀರ್ಪನ್ನು ತಳ್ಳಿಹಾಕಿತು.

ಸಾಲ ತಂದು ಭೂಮಿ ಕೊಳ್ಳುವ ಚಟ ಈತನನ್ನು ಮುಳುಗಿಸಿತು. 1790ರ ದಶಕದ ಕೊನೆಯ ಹಣಕಾಸಿನ ಬಿಕ್ಕಟ್ಟಿನಲ್ಲಿ ಸಾಲಗಾರರು ಬೆನ್ನುಹತ್ತಿದರು. ಸುಪ್ರೀಂ ಕೋರ್ಟಿನ ಹಾಲಿ ನ್ಯಾಯಮೂರ್ತಿ ಸಾಲದ ಕಾರಣಕ್ಕೆ ಎರಡು ಬಾರಿ ಸೆರೆಮನೆ ಕಂಡ. ಎರಡನೆಯ ಬಾರಿ ದಾವೆ ಹೂಡಿದವನು ಸಮಾವೇಶದಲ್ಲಿ ಜೊತೆಗಿದ್ದ ಪಿಯರ್ಸ್ ಬಟ್ಲರ್. 1798ರ ಆಗಸ್ಟ್ 21ರಂದು ಉತ್ತರ ಕ್ಯಾರೊಲೈನದ ಈಡೆಂಟನ್‌ನಲ್ಲಿ ತೀರಿಕೊಂಡಾಗ ಈತ ಇನ್ನೂ ನ್ಯಾಯಮೂರ್ತಿಯ ಪದವಿಯಲ್ಲೇ ಇದ್ದ. ಅಲ್ಲೇ ಮಣ್ಣು ಮಾಡಿದ್ದ ದೇಹದ ಅವಶೇಷಗಳನ್ನು 1906ರಲ್ಲಿ ಫಿಲಡೆಲ್ಫಿಯಕ್ಕೆ ತಂದು ಕ್ರೈಸ್ಟ್ ಚರ್ಚಿನಲ್ಲಿ ಗೌರವದಿಂದ ಸಮಾಧಿ ಮಾಡಲಾಯಿತು.